ಮಾಗಿಯಲ್ಲಿ ಮಾರುವ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಗಾದೆ ಮಾಡಿದರು. ಮನೆ ಮಾರಿ ನೋಡು ಎಂದು ಹೇಳಲಿಲ್ಲ. ಇದ್ದ ಮನೆಯನ್ನು ಮಾರುವುದು ಅವರ ಕಾಲದಲ್ಲಿ ಸಂಸಾರಕ್ಕೆ ಒದಗಿದ ವಿಪತ್ತೆನಿಸುತ್ತಿದ್ದುದರಿಂದ, ಅದನ್ನು ಗಾದೆಯೊಳಗೆ ತರಲು ಅವರಿಗೆ ಮನಸ್ಸು ಬಾರದೆ ಇದ್ದಿರಬಹುದು. ಈಗ ಅದು ವಿಪತ್ತಲ್ಲ, ವ್ಯವಹಾರ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಪೇಟೆಬೀದಿಗಳಲ್ಲಿ ಹಳೆಯ ಮನೆಗಳ ಬಾಗಿಲು ಒಂದೊಂದಾಗಿ ಬೀಗ ಕಾಣುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದರು. ಮುಪ್ಪಿನವರು ಅವರ ಹಿಂದೆ ಹೊರಡುವರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯ ನೆಲಕ್ಕೆ ಹಿಂದೆಂದೂ ಇಲ್ಲದ ಬೆಲೆಯೂ ಬಂದಿತು. ಮಾರುವವರೂ ಹೆಚ್ಚಿದರು, ಕೊಳ್ಳುವವರೂ ಹೆಚ್ಚಿದರು. ಆದುದರಿಂದ ಮನೆ ಮಾರುವವನ ಧರ್ಮವೇನು ಎಂಬ ಪ್ರಶ್ನೆ ಪಂಡಿತರ ಚರ್ಚೆಗೆ ಮಾತ್ರ ಸೇರಿದುದಾಗಿ ಉಳಿದಿಲ್ಲ. ಪ್ರತಿಯೊಂದು ಬೀದಿಯಲ್ಲಿಯೂ ಯಾರಾದರೊಬ್ಬರು ಅದಕ್ಕೆ ಉತ್ತರ ಕೊಡಲೇಬೇಕಾಗಿದೆ.

ಆ ಪ್ರಶ್ನೆ ಎಲ್ಲ ಕಾಲದಲ್ಲಿಯೂ ಇರುವುದಾದರೂ, ಮಾಗಿಯಲ್ಲಿ ಅದು ಬಿಗಿಯಾಗುತ್ತದೆ. ಧನುರ್ಮಾಸದಲ್ಲಿ ಗೃಹಪ್ರವೇಶ, ಮದುವೆ ಮುಂತಾದ ಶುಭಕಾರ್ಯಗಳನ್ನು ನಮ್ಮ ಜನ ಮಾಡುವುದಿಲ್ಲ. ಮನೆ ಕೊಳ್ಳುವವರು ಸಂಕ್ರಾಂತಿ ಕಳೆಯಲಿ ಎನ್ನುವರು. ಆ ಒಂದು ತಿಂಗಳನ್ನು ಮಾರುವವನು ವ್ಯರ್ಥಮಾಡದೆ ಮನೆಯನ್ನು ಸಿದ್ಧಗೊಳಿಸುವನು. ಅಟ್ಟದ ಮೇಲಿನ ಮುರಿದ ಸಾಮಾನು ಇಳಿಯುತ್ತದೆ. ಒಡೆದ ಹೆಂಚು ಬದಲಾಗುತ್ತದೆ. ಕಂಬಕ್ಕೆ ಎಣ್ಣೆ, ಬಾಗಿಲಿಗೆ ಬಣ್ಣ, ಗೋಡೆಗೆ ಸುಣ್ಣ. ಸಂಕ್ರಾಂತಿಯ ಹೊತ್ತಿಗೆ ಮನೆ ಮದುವಣಗಿತ್ತಿಯಂತೆ ನಿಲ್ಲುತ್ತದೆ. ಇದರಲ್ಲಿ ತಪ್ಪೇನು? ಹಬ್ಬಕ್ಕೆ ಸುಣ್ಣ ಬಳಿಯುವುದು ತಪ್ಪಲ್ಲವಾದರೆ ಮಾರಾಟಕ್ಕೆ ಬಳಿಯುವುದು ಹೇಗೆ ತಪ್ಪಾದೀತು?

ತಪ್ಪು ಸುಣ್ಣದಲ್ಲಿ ಇಲ್ಲದಿರಬಹುದು. ಆದರೆ ಕಾಲವನ್ನು ನೋಡಬೇಕು. ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆ ಬಲವಾದುದು; ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಳೆ ವಿರಳ. ಆಶ್ವಯುಜದಲ್ಲಿ ನೀರುಕುಡಿದ ಮಣ್ಣಿನ ಗೋಡೆ ಪುಷ್ಯದ ಒಣಗಾಳಿಗೆ ಒಣಗಿ, ಕಲೆಯೊಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕೂಡದ ಕದ ಚಳಿಯಲ್ಲಿ ಕುಗ್ಗಿ ಬೆರಳಿನಿಂದ ನೂಕಿದರೂ ಮುಚ್ಚುತ್ತದೆ. ತಾರಸಿಯ ಬಿರುಕು ನೀರಿಲ್ಲದೆ ಬಾಯಿ ಬಿಡದು. ತೊಲೆಯೊಳಗಿನ ಗೆದ್ದಲು ಮೇಲಿನ ಮಣ್ಣು ಕೆರೆದು ಬಣ್ಣ ಬಳಿದರೆ ಕಾಣದು. ಎಲ್ಲಕ್ಕಿಂತ ಹೆಚ್ಚಿನದು ನೀರಿನ ವಿಷಯ. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಈ ಸೀಮೆಯಲ್ಲಿ ಹರಿಯುತ್ತವೆಂದು ಹೆಸರಿಗೆ ಹೇಳಬಹುದೇ ಹೊರತು ವರ್ಷವಿಡೀ ನೀರು ಕೊಡುವ ನದಿಗಳು ಇಲ್ಲಿಲ್ಲ. ಬಾವಿ, ಕೊಳವೆಬಾವಿಗಳೇ ಗತಿ. ಮಳೆ ಮುಗಿದು ಸ್ವಲ್ಪ ಕಾಲವೇ ಆಗಿರುವ ಡಿಸೆಂಬರಿನಲ್ಲಿ ನೀರು ಕೊಡುವ ಬಾವಿ ಚೈತ್ರದಲ್ಲಿಯೂ ಕೊಡುವುದೆಂದು ಯಾರು ಹೇಳಬಲ್ಲರು? ಹಲವು ಬೇಸಗೆಗಳನ್ನು ಆ ಮನೆಯಲ್ಲಿ ಕಳೆದವನು ಮಾತ್ರ ಹೇಳಬಲ್ಲನು. ಹೀಗೆ ಮನೆಯ ಗುಣದೋಷಗಳನ್ನು ಮನೆಯೇ ಹೇಳುವ ಕಾಲವೊಂದುಂಟು, ಅದು ಮಳೆಗಾಲ. ಬಾವಿಯ ಸಂಗತಿಗೆ ಬೇಸಗೆ. ಮಾಗಿಯಲ್ಲಿ ಮನೆ ಮೌನವಾಗಿರುತ್ತದೆ.

ಈ ಮೌನದಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ದೊಡ್ಡಬಳ್ಳಾಪುರದ ಹಳೆಯ ಪೇಟೆಯಲ್ಲಿ ಅಜ್ಜ ಕಟ್ಟಿಸಿದ ಮನೆ. ಜಗಲಿ, ಪಡಸಾಲೆ, ಹಿತ್ತಲಿನಲ್ಲಿ ಬಾವಿ. ಯಜಮಾನನಿಗೆ ಎಪ್ಪತ್ತು ದಾಟಿದೆ. ಹೆಂಡತಿಯ ಕಾಯಿಲೆಗೆ ಹಣ ಬೇಕಾಗಿದೆ. ಮಗ ಬೆಂಗಳೂರಿನಿಂದ ಬಂದು ಕೂಲಿಯವರನ್ನು ಕರೆಯಿಸಿದ್ದಾನೆ. ಉತ್ತರದ ಗೋಡೆಯ ಮೇಲೆ ಆಳೆತ್ತರದ ಒಂದು ಕಲೆ ಇದೆ. ಪ್ರತಿ ವರ್ಷವೂ ಮಳೆಗೆ ಅದು ಒದ್ದೆಯಾಗುತ್ತದೆ, ಎರಡು ಬಾರಿ ರಿಪೇರಿ ಮಾಡಿಸಿದರೂ ನಿಂತಿಲ್ಲ. ಗಾರೆಯವನು ಅದನ್ನು ನೋಡಿ, "ಸ್ವಾಮಿ, ಇಲ್ಲಿ ಎರಡು ಕೈ ಹೆಚ್ಚಾಗಿ ಹೊಡೆದುಬಿಡುತ್ತೇನೆ. ಮುಂದಿನ ಮಳೆಯವರೆಗೆ ಏನೂ ಕಾಣಿಸದು" ಎನ್ನುತ್ತಾನೆ. ಅವನು ದುಷ್ಟನಲ್ಲ. ಕೆಲಸಕ್ಕೆ ಕರೆದವರಿಗೆ ಉಪಕಾರವಾಗಲೆಂದೇ ಆಡಿದ ಮಾತು. ಯಜಮಾನನು ಉತ್ತರ ಕೊಡದೆ ಜಗಲಿಯ ಮೇಲೆ ಹೋಗಿ ಕುಳಿತುಕೊಳ್ಳುತ್ತಾನೆ.

ಮಗನು ಹಿಂದೆಯೇ ಬರುತ್ತಾನೆ. "ಅಪ್ಪಾ, ನಾವು ಸುಳ್ಳು ಹೇಳುತ್ತಿಲ್ಲ. ಅವರು ಕೇಳಿದರೆ ಇದ್ದದ್ದನ್ನು ಹೇಳೋಣ. ಕೇಳದಿದ್ದರೆ ನಾವಾಗಿ ಮನೆಯನ್ನು ಹಳಿಯುವುದೇಕೆ? ಅಮ್ಮನ ಸ್ಥಿತಿಯನ್ನು ನೀವೂ ನೋಡುತ್ತಿದ್ದೀರಿ" ಎನ್ನುತ್ತಾನೆ. ತಂದೆ, "ಏನನ್ನು ಕೇಳಬೇಕೆಂಬುದೇ ಅವರಿಗೆ ತಿಳಿಯದಲ್ಲಪ್ಪ" ಎನ್ನುತ್ತಾನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಇಬ್ಬರೂ ಸಜ್ಜನರೇ. ಮಗನ ಮಾತಿನಲ್ಲಿ ತಾಯಿಯ ಮೇಲಣ ಪ್ರೀತಿ ಇದೆ. ತಂದೆಯ ಮಾತಿನಲ್ಲಿ ಇನ್ನೂ ಕಾಣದ ಯಾವನೋ ಒಬ್ಬನ ಮೇಲಣ ಕಾಳಜಿ ಇದೆ. ಧರ್ಮಸಂಕಟವೆಂಬ ಹೆಸರು ಇಂಥ ಸನ್ನಿವೇಶಕ್ಕೆ ಸಲ್ಲುವುದು. ಒಂದು ಕಡೆ ಪಾಪವೂ ಇನ್ನೊಂದು ಕಡೆ ಪುಣ್ಯವೂ ಇದ್ದರೆ ಸಂಕಟವೆಲ್ಲಿ?

ತಂದೆಮಕ್ಕಳ ಈ ವಾದ ಹೊಸದಲ್ಲ. ರೋಮಿನ ಸಿಸೆರೊ ಕ್ರಿ. ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ತನ್ನ ಮಗನಿಗಾಗಿ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಒಬ್ಬನು ಮನೆಯನ್ನು ಮಾರುತ್ತಾನೆ. ಅದು ಆರೋಗ್ಯಕರವಲ್ಲವೆಂಬುದೂ, ಮಲಗುವ ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುತ್ತವೆಂಬುದೂ, ಮರಮುಟ್ಟು ಕೆಟ್ಟುದೆಂಬುದೂ ಅವನೊಬ್ಬನಿಗೆ ಗೊತ್ತು. ಹೇಳದೆ ಮಾರಿದರೆ ಅನ್ಯಾಯವೆ? ಡಯೋಜಿನಿಸ್ ಮತ್ತು ಆಂಟಿಪೇಟರ್ ಎಂಬ ಇಬ್ಬರು ಗ್ರೀಕ್ ತತ್ತ್ವಜ್ಞರನ್ನು ಅವನು ಇದಿರುಬದಿರು ನಿಲ್ಲಿಸಿ ವಾದಮಾಡಿಸುತ್ತಾನೆ. ಇವರಲ್ಲಿ ಆಂಟಿಪೇಟರ್ ಡಯೋಜಿನಿಸನ ಶಿಷ್ಯನೆಂಬುದು ಗಮನಿಸತಕ್ಕ ಸಂಗತಿ. ಗುರುವಿನ ವಾದ ಮೇಲೆ ಹೇಳಿದ ಮಗನ ವಾದವೇ: ಕೊಳ್ಳೆಂದು ಯಾರೂ ಬಲಾತ್ಕರಿಸಲಿಲ್ಲ, ಕೊಳ್ಳುವವನಿಗೆ ಕಣ್ಣಿದೆ, ತನ್ನ ಸರಕಿನ ದೋಷವನ್ನು ತಾನೇ ಡಂಗುರ ಸಾರುವ ಮೂಢನುಂಟೆ? ಶಿಷ್ಯನ ಉತ್ತರ: ದಾರಿತಪ್ಪಿದವನಿಗೆ ದಾರಿ ತೋರಿಸದಿರುವುದೇ ಅಥೆನ್ಸಿನಲ್ಲಿ ಶಾಪಕ್ಕೆ ಅರ್ಹವಾದ ತಪ್ಪು; ತಿಳಿದೂ ತಿಳಿದೂ ಒಬ್ಬನನ್ನು ತಪ್ಪುದಾರಿಗೆ ನಡೆಸುವುದು ಅದಕ್ಕಿಂತ ಹೀನ. ಸಿಸೆರೊ ಶಿಷ್ಯನ ಪಕ್ಷಕ್ಕೆ ಸೇರುತ್ತಾನೆ. ಅವನು ಕೊಡುವ ವಿವರಣೆ ಇದು: ಸುಮ್ಮನಿರುವುದೆಲ್ಲ ಮರೆಮಾಚುವುದಲ್ಲ, ಆದರೆ ತನ್ನ ಲಾಭಕ್ಕಾಗಿ, ತಿಳಿದರೆ ಪ್ರಯೋಜನವಾಗುತ್ತಿದ್ದವನಿಗೆ ತಿಳಿಯದಿರಲೆಂದೇ ಸುಮ್ಮನಿರುವುದು ಮರೆಮಾಚುವುದೇ.

ನಮ್ಮ ಧರ್ಮಶಾಸ್ತ್ರಕಾರರು ಇದನ್ನು ವ್ಯವಹಾರದ ಕಡೆಯಿಂದ ನೋಡಿದರು. ಬೆರಕೆಯಾದುದನ್ನೂ, ಸಾರವಿಲ್ಲದುದನ್ನೂ, ಕಡಮೆಯಾದುದನ್ನೂ, ಮರೆಯಲ್ಲಿಟ್ಟುದನ್ನೂ ಮಾರಬಾರದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ವಿಧಿಸುತ್ತದೆ. ಕೊಟ್ಟು ಅಥವಾ ಕೊಂಡು ಪಶ್ಚಾತ್ತಾಪಪಟ್ಟವನು ಹತ್ತು ದಿನಗಳೊಳಗೆ ಹಿಂದಿರುಗಿಸಬಹುದೆಂದೂ ಅಲ್ಲಿಯೇ ಹೇಳಿದೆ. ದೋಷವುಳ್ಳ ವಸ್ತುವನ್ನು ದೋಷವಿಲ್ಲದುದೆಂಬಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವೆಂದು ಯಾಜ್ಞವಲ್ಕ್ಯಸ್ಮೃತಿಯ ಮತ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದುದು ಈ ಸ್ಮೃತಿಗೇ. ಅದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಕೊಂಡ ವಸ್ತುವನ್ನು ಪರೀಕ್ಷಿಸಲು ಒಂದೊಂದಕ್ಕೆ ಒಂದೊಂದು ಅವಧಿ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ಹಸುವಿಗೆ 3 ದಿನ, ಭಾರ ಎಳೆಯುವ ಎತ್ತಿಗೆ 5 ದಿನ, ರತ್ನಕ್ಕೆ 7 ದಿನ, ಬೀಜಕ್ಕೆ 10 ದಿನ. ಸಂಖ್ಯೆಗಳಿಗಿಂತ ಅವುಗಳ ಹಿಂದಿರುವ ಬುದ್ಧಿ ಮುಖ್ಯ. ವಸ್ತುವಿನ ದೋಷ ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಕೊಳ್ಳುವವನಿಗೆ ಸಲ್ಲಬೇಕು. ಹಸುವಿನ ಹಾಲು ಮೂರು ದಿನಕ್ಕೆ ತಿಳಿಯುತ್ತದೆ, ಬೀಜದ ಮೊಳಕೆಗೆ ಹತ್ತು ದಿನ ಬೇಕು. ಈ ಲೆಕ್ಕದಲ್ಲಿ ಮಾಗಿಯಲ್ಲಿ ಕೊಂಡ ಮನೆಗೆ ಎಷ್ಟು ದಿನ? ಬಾವಿಗೆ ಒಂದು ಬೇಸಗೆ, ಸೂರಿಗೆ ಒಂದು ಮಳೆಗಾಲ. ಒಟ್ಟು ಹತ್ತು ತಿಂಗಳಿಗೆ ಕಡಮೆಯಿಲ್ಲ. ಅಷ್ಟು ಕಾಲ ಯಾವ ಕ್ರಯವೂ ಕಾಯದು. ಕಾಲ ಕೊಡಲಾರದುದನ್ನು ಮತ್ತಾರು ಕೊಡಬೇಕು?

ಇದನ್ನು ಹಳ್ಳಿಯ ಕಣ್ಣಿನಿಂದ ನೋಡಬೇಕೆನ್ನುವವರಿಗೆ ಇದೇ ಮಾಗಿಯಲ್ಲಿ ಒಳ್ಳೆಯ ನಿದರ್ಶನವಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಯಂದು ರಥೋತ್ಸವ. ಅದರ ಆಸುಪಾಸಿನಲ್ಲಿ ಹೆಸರಾಂತ ದನಗಳ ಜಾತ್ರೆ. ಮಾರುವವನು ಎತ್ತಿನ ಮೈತೊಳೆದು, ಕೊಂಬು ಹೆರೆದು, ಎಣ್ಣೆ ಸವರಿ, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸುವನು. ಇದನ್ನು ಮೋಸವೆಂದು ಯಾರೂ ಎಣಿಸುವುದಿಲ್ಲ. ಕೊಳ್ಳುವವನು ಬಾಯಿ ತೆರೆದು ಹಲ್ಲು ನೋಡುವನು, ಸುಳಿ ನೋಡುವನು, ನಾಲ್ಕು ಹೆಜ್ಜೆ ನಡೆಸುವನು. ಆಮೇಲೆ ವಸ್ತ್ರದ ಮರೆಯಲ್ಲಿ ಕೈಗೆ ಕೈ ಕೊಟ್ಟು ಬೆರಳಿನಿಂದ ಬೆಲೆ ಕಟ್ಟುವರು. ಬೆಲೆ ಮರೆಯಲ್ಲಿರಬಹುದು, ಎತ್ತು ಮರೆಯಲ್ಲಿಲ್ಲ. ಅಲಂಕಾರಕ್ಕೂ ವಂಚನೆಗೂ ನಡುವಣ ಗೆರೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೊಂಬಿಗೆ ಎಣ್ಣೆ ಹಚ್ಚಬಹುದು; ಬಾಯಿ ತೆರೆಯದಂತೆ ಹಿಡಿಯಬಾರದು. ಜಗಲಿಯನ್ನು ಸಾರಿಸುವುದು, ಕಂಬಕ್ಕೆ ಎಣ್ಣೆ ಕೊಡುವುದು, ಎಲ್ಲ ಗೋಡೆಗಳಿಗೂ ಸುಣ್ಣ ಬಳಿಯುವುದು ಕೊಂಬಿನ ಎಣ್ಣೆಯಂಥವು. ಆ ಒಂದು ಕಲೆಯ ಮೇಲೆ ಹೊಡೆದ ಹೆಚ್ಚಿನ ಎರಡು ಕೈ ಸುಣ್ಣ ಬಾಯಿ ಹಿಡಿದಂತೆ. ಸುಣ್ಣ ಒಂದೇ, ಕುಂಚ ಒಂದೇ, ಕೂಲಿ ಒಂದೇ, ಉದ್ದೇಶ ಬೇರೆ.

ದೇಶದ ಕಾನೂನೂ ಈ ಗೆರೆಯನ್ನು ಗುರುತಿಸಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾರುವವನು ತನಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನು ಕಂಡುಹಿಡಿಯಲಾರದ ಮುಖ್ಯ ದೋಷವನ್ನು ಹೇಳತಕ್ಕದ್ದು. ಹೇಳದಿರುವುದು ವಂಚನೆಯೆಂದೇ ಆ ಕಲಮು ಎಣಿಸುತ್ತದೆ. ಪಕ್ಕದ ಮನೆಯ ಮಗ್ಗಗಳ ಸದ್ದನ್ನು ಹೇಳಬೇಕೆಂದು ಕಾನೂನು ಒತ್ತಾಯಿಸದೆ ಇದ್ದೀತು; ದೊಡ್ಡಬಳ್ಳಾಪುರದ ಬೀದಿಯಲ್ಲಿ ನಿಂತವನಿಗೆ ಅದು ತಾನಾಗಿ ಕೇಳಿಸುವುದು. ಆದರೆ ಮಗ್ಗ ನಿಂತ ಹೊತ್ತನ್ನೇ ನೋಡಿ ಗಿರಾಕಿಯನ್ನು ಕರೆತಂದರೆ? ಅಲ್ಲಿ ಕಾನೂನಿಗೆ ಅನುಮಾನ ಬರಬಹುದು. ಕರೆತಂದವನ ಮನಸ್ಸಿಗೆ ಅನುಮಾನವಿಲ್ಲ. ಇಂದು ಕ್ರಯಕ್ಕೆ ಮುಂಚೆ ಋಣಭಾರ ಪತ್ರ, ಇ-ಖಾತೆ, ತೆರಿಗೆ ರಸೀತಿ ಇವೆಲ್ಲವನ್ನೂ ವಕೀಲರು ತಿರುವಿಹಾಕುವರು. ಸ್ವತ್ತಿನ ಮೇಲಿನ ಸಾಲ ಆ ಕಾಗದಗಳಲ್ಲಿ ಕಾಣುತ್ತದೆ. ಸೂರಿನ ಸೋರಿಕೆ ಯಾವ ಕಾಗದದಲ್ಲಿಯೂ ಕಾಣದು. ಅದರ ದಾಖಲೆ ಇರುವುದು ಮನೆಯವರ ನೆನಪಿನಲ್ಲಿ ಮಾತ್ರ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಕೊಳ್ಳಲು ಬಂದವನು ಯಾವಾಗಲೂ ಮುಗ್ಧನೆ? ವಿಮಾನ ನಿಲ್ದಾಣದ ಸುತ್ತಣ ನೆಲದ ವಿಷಯದಲ್ಲಿ ಹೆಚ್ಚು ತಿಳಿದವನು ಅನೇಕ ವೇಳೆ ಕೊಳ್ಳುವವನೇ. ಎಲ್ಲಿ ರಸ್ತೆ ಬರುವುದು, ಎಲ್ಲಿ ಬಡಾವಣೆ ಏಳುವುದು ಎಂಬ ಸುದ್ದಿ ಮಧ್ಯಸ್ಥನ ಜೇಬಿನಲ್ಲಿರುತ್ತದೆ. ಹೊಲದವನಿಗೆ ಅದು ತಲಪುವಾಗ ಹೊಲ ಕೈಬಿಟ್ಟಿರುತ್ತದೆ. ಮಾರುವವನ ಹಕ್ಕಿನ ಸ್ವರೂಪವನ್ನೂ ವ್ಯಾಪ್ತಿಯನ್ನೂ ಕುರಿತು, ಬೆಲೆಯನ್ನು ಹೆಚ್ಚಿಸತಕ್ಕ ಸಂಗತಿಯೇನಾದರೂ ತನಗೆ ತಿಳಿದಿದ್ದರೆ ಕೊಳ್ಳುವವನೂ ಹೇಳಬೇಕೆಂದು ಅದೇ 55ನೆಯ ಕಲಮಿನಲ್ಲಿದೆ. ಆದರೆ ನಾಳೆ ಬರುವ ರಸ್ತೆಯ ಸುದ್ದಿಯನ್ನು ಆ ಮಾತು ಒಳಗೊಳ್ಳುವಂತೆ ಕಾಣದು. ಹಾಗಾದರೆ, ಬಲ್ಲವನು ನಮಗೆ ಹೇಳದಿರುವಾಗ ನಾವು ಮಾತ್ರ ಅವನಿಗೆ ಹೇಳಬೇಕೆ? ನೊಂದವರ ಬಾಯಿಂದ ಬರುವ ಪ್ರಶ್ನೆ ಇದು, ತಳ್ಳಿಹಾಕತಕ್ಕದ್ದಲ್ಲ. ಆದರೂ ಅದರಿಂದ ಸಿದ್ಧವಾಗುವುದಿಷ್ಟೆ: ಹೇಳದವನು ಅನ್ಯಾಯ ಮಾಡಿದನು. ಅದೇ ಅನ್ಯಾಯವನ್ನು ಇನ್ನೊಬ್ಬನಿಗೆ, ಬಹುಮಟ್ಟಿಗೆ ಅದಕ್ಕೆ ಸಂಬಂಧವೇ ಇಲ್ಲದವನಿಗೆ, ಮಾಡುವ ಹಕ್ಕು ಅದರಿಂದ ಹುಟ್ಟದು. ಹಳೆಯ ಪೇಟೆಯ ಮನೆಯನ್ನು ಕೊಳ್ಳಲು ಬರುವವನು ಸಾಮಾನ್ಯವಾಗಿ ದೊಡ್ಡ ವ್ಯಾಪಾರಿಯಲ್ಲ. ಇಪ್ಪತ್ತು ವರ್ಷ ಕಂತು ಕಟ್ಟಲು ಬ್ಯಾಂಕಿಗೆ ರುಜುಹಾಕಿ ಬರುವ ಸಂಬಳಗಾರನು. ಅವನ ಮನೆಯಲ್ಲಿಯೂ ಒಬ್ಬ ತಾಯಿ ಇರಬಹುದು. ಅವಳ ಹಾಸಿಗೆಯನ್ನು ಅವರು ಉತ್ತರದ ಗೋಡೆಗೆ ತಾಗಿಸಿಯೇ ಹಾಸಬಹುದು.

ಇನ್ನು ಕೆಲವರು ನಡುವಣ ದಾರಿಯೊಂದನ್ನು ಹಿಡಿಯುವರು. ಹೇಳುವರು, ಆದರೆ ಕೇಳಿಸದಂತೆ ಹೇಳುವರು. ಮುಂಗಡ ಎಣಿಸುವ ಗಡಿಬಿಡಿಯಲ್ಲಿ, ಕಾಫಿ ಕೊಡುವ ಹೊತ್ತಿನಲ್ಲಿ, "ಹಳೆಯ ಮನೆ, ಮಳೆಗಾಲದಲ್ಲಿ ಅಲ್ಪಸ್ವಲ್ಪ ಇದ್ದದ್ದೇ" ಎಂದು ತೇಲಿಸಿಬಿಡುವರು. ಇದಕ್ಕೆ ಭಾರತದಲ್ಲಿಯೇ ದೃಷ್ಟಾಂತವುಂಟು. ಅಶ್ವತ್ಥಾಮನು ಸತ್ತನೆಂಬುದನ್ನು ಗಟ್ಟಿಯಾಗಿಯೂ, ಸತ್ತುದು ಆನೆಯೆಂಬುದನ್ನು ಮೆಲ್ಲಗೆಯೂ ನುಡಿದ ಧರ್ಮರಾಯನ ರಥ, ಅದುವರೆಗೆ ನೆಲದಿಂದ ನಾಲ್ಕಂಗುಲ ಮೇಲೆ ನಡೆಯುತ್ತಿದ್ದುದು, ನೆಲಕ್ಕೆ ಇಳಿಯಿತು. ಅವನು ಆಡಿದ ಅಕ್ಷರಗಳಲ್ಲಿ ಸುಳ್ಳಿರಲಿಲ್ಲ. ಸತ್ಯವೆಂಬುದು ಆಡಿದವನ ಬಾಯಿಯಲ್ಲಿ ಮುಗಿಯುವುದಲ್ಲ, ಕೇಳಿದವನ ತಿಳಿವಳಿಕೆಯಲ್ಲಿ ಮುಗಿಯುವುದು.

ಹಾಗಾದರೆ ಆ ಯಜಮಾನನು ಮಾಡತಕ್ಕದ್ದೇನು? ಮನೆಯನ್ನು ಕೊಳಕಾಗಿ ಬಿಟ್ಟು, ಪ್ರತಿಯೊಂದು ಕುಂದನ್ನೂ ಪಟ್ಟಿಮಾಡಿ ಬಾಗಿಲಿಗೆ ಅಂಟಿಸಬೇಕೆಂದು ಯಾರೂ ಹೇಳಲಾರರು. ಮನೆಯನ್ನು ಚೊಕ್ಕಟಮಾಡುವುದು ಕೊಳ್ಳುವವನಿಗೆ ತೋರಿಸುವ ಮರ್ಯಾದೆ. ತನ್ನ ಹಿರಿಯರು ಬಾಳಿದ ಸ್ಥಳಕ್ಕೆ ಸಲ್ಲಿಸುವ ಕೊನೆಯ ಸೇವೆ. ಬೇಕಾದುದಿಷ್ಟು: ಮನೆ ಮೌನವಾಗಿರುವ ಕಾಲದಲ್ಲಿ ಅದರ ಪರವಾಗಿ ಒಡೆಯನು ಮಾತನಾಡಬೇಕು. ಮಳೆ ಬಂದಿದ್ದರೆ ಏನನ್ನು ತೋರಿಸುತ್ತಿತ್ತೋ ಅದನ್ನು ಅವನು ತೋರಿಸಬೇಕು. ಬೇಸಗೆ ಬಂದಿದ್ದರೆ ಬಾವಿ ಏನನ್ನು ಹೇಳುತ್ತಿತ್ತೋ ಅದನ್ನು ಅವನು ಹೇಳಬೇಕು.

ಇದಕ್ಕೆ ಸಾಧನಗಳು ಕಷ್ಟವಾದುವಲ್ಲ. ಆ ಕಲೆಯನ್ನು ಬಿಟ್ಟು ಮಿಕ್ಕ ಗೋಡೆಗಳಿಗೆ ಸುಣ್ಣ ಬಳಿಯಿಸಬಹುದು. ಇಲ್ಲವೆ ಗಿರಾಕಿಗೆ ತೋರಿಸಿದ ಮೇಲೆ ಬಳಿಯಿಸಬಹುದು. ಎರಡು ಬಾರಿ ರಿಪೇರಿಯಾದುದನ್ನೂ ಅದು ನಿಲ್ಲದುದನ್ನೂ ಹೇಳಿ, ರಿಪೇರಿ ಮಾಡಿದವನನ್ನೇ ಕರೆಯಿಸಿ ಖರ್ಚೆಷ್ಟಾದೀತೆಂದು ಇಬ್ಬರ ಇದಿರಿನಲ್ಲಿ ಕೇಳಿ, ಅಷ್ಟನ್ನು ಬೆಲೆಯಲ್ಲಿ ಇಳಿಸಬಹುದು. ಬಾವಿ ಯಾವ ತಿಂಗಳಿನಲ್ಲಿ ತಳಕಾಣುವುದೆಂಬುದನ್ನು ಕರಾರುಪತ್ರದಲ್ಲಿ ಒಂದು ಸಾಲಾಗಿ ಬರೆಯಿಸಬಹುದು. ಇಬ್ಬರೂ ಒಪ್ಪಿದರೆ, ಸ್ವಲ್ಪ ಹಣವನ್ನು ಮುಂದಿನ ಕಾರ್ತಿಕದವರೆಗೆ ನಂಬಿಕೆಯ ಮೂರನೆಯವರ ಕೈಯಲ್ಲಿಟ್ಟು, ಮಳೆಗಾಲ ಕಳೆದ ಮೇಲೆ ತೀರಿಸಿಕೊಳ್ಳಬಹುದು. ಯಾಜ್ಞವಲ್ಕ್ಯನು ಬೀಜಕ್ಕೆ ಕೊಟ್ಟ ಹತ್ತು ದಿನಗಳ ಬುದ್ಧಿಯನ್ನು ಮನೆಗೆ ಅನ್ವಯಿಸಿದಂತಾಗುವುದು ಹೀಗೆ.

ಇಷ್ಟು ಮಾಡಿದರೆ ನಷ್ಟವಾಗದೆ? ಆಗುತ್ತದೆ. ಸತ್ಯ ಹೇಳಿದವನಿಗೆ ಹೆಚ್ಚು ಬೆಲೆ ಸಿಕ್ಕಿತೆಂದು ಕಥೆ ಕಟ್ಟಿ ಸಮಾಧಾನ ಹೇಳುವುದು ಸುಲಭ, ಅದು ಪ್ರಾಮಾಣಿಕವಲ್ಲ. ಒಬ್ಬ ಗಿರಾಕಿ ಹಿಂದಿರುಗಿಯೇ ಹೋಗಬಹುದು. ಬಂದ ಬೆಲೆ ಕಡಮೆಯಾಗಬಹುದು. ತಾಯಿಯ ಚಿಕಿತ್ಸೆಗೆ ಬೇಕಾದ ಹಣದಲ್ಲಿ ಕೊರತೆಬಿದ್ದು, ಮಗನು ಅದಕ್ಕಾಗಿ ಸಾಲ ಮಾಡಬೇಕಾಗಬಹುದು. ಆದರೆ ಆ ಕೊರತೆ ಎಲ್ಲಿಂದ ಬಂದುದು? ಗೋಡೆಯ ದೋಷದಿಂದ. ಆ ದೋಷ ಹೇಳಿದರೂ ಇದೆ, ಹೇಳದಿದ್ದರೂ ಇದೆ. ಅದರ ವೆಚ್ಚವನ್ನು ಯಾರಾದರೊಬ್ಬರು ತೆರಲೇಬೇಕು. ಹೇಳಿದರೆ ಅದನ್ನು ತಿಳಿದವರು ಲೆಕ್ಕಹಾಕಿ ತೆರುವರು. ಹೇಳದಿದ್ದರೆ ತಿಳಿಯದವನು ಒಂದು ರಾತ್ರಿ ಮಳೆಯಲ್ಲಿ ಎದ್ದು ಕುಳಿತು ತೆರುವನು. ಸುಣ್ಣ ಬಳಿದುದರಿಂದ ಆ ಸಾಲ ತೀರದು, ಕೈಬದಲಾಗುವುದಷ್ಟೆ.

ಮಗನಿಗೆ ಇದು ಕೂಡಲೇ ಒಪ್ಪಿಗೆಯಾಗಬೇಕೆಂದಿಲ್ಲ. ತಾಯಿಯ ನರಳಿಕೆಯನ್ನು ರಾತ್ರಿ ಕೇಳುವವನಿಗೆ ಕಾಣದ ಗಿರಾಕಿಯ ತಾಯಿಯನ್ನು ನೆನೆಯೆಂದು ಹೇಳುವುದು ಕಠಿನವೇ ಸರಿ. ಆದರೆ ಒಂದು ಸಂಗತಿಯನ್ನು ಅವನೂ ಬಲ್ಲನು. ಮನೆ ಮಾರಿಹೋದರೂ ಅದು ಆ ಬೀದಿಯಲ್ಲಿ ಬಹುಕಾಲ ಇಂಥವರ ಮನೆಯೆಂದು ಹಳೆಯ ಹೆಸರಿನಿಂದಲೇ ಕರೆಯಿಸಿಕೊಳ್ಳುತ್ತದೆ. ಆಶ್ವಯುಜದ ಮಳೆ ಬಂದು, ಆಳೆತ್ತರದ ಕಲೆ ಹೊಸ ಸುಣ್ಣವನ್ನು ಸೀಳಿಕೊಂಡು ಹೊರಬಿದ್ದಾಗ, ನೆರೆಯವರು ಗೋಡೆಯ ಮೇಲೆ ಓದುವುದು ಕೊಂಡವನ ಹೆಸರನ್ನಲ್ಲ.

ಕುಂಚ ಹಿಡಿದು ಕಾಯುತ್ತಿರುವ ಗಾರೆಯವನಿಗೆ ಜಗಲಿಯಿಂದ ಒಂದು ಉತ್ತರ ಹೋಗಬೇಕಾಗಿದೆ. ದಕ್ಷಿಣದ ಗೋಡೆಯಿಂದ ಮೊದಲುಮಾಡು, ಉತ್ತರದ್ದು ಅವರು ಬಂದು ನೋಡಿಹೋಗಲಿ ಎಂದರೆ ಸಾಕು.